ಯಂತ್ರದ ಮಾಹಿತಿಯಷ್ಟೇ ಎನ್ನುವವರಿಗೆ

ಕಚೇರಿಗಳ ಐಟಿ ವಿಭಾಗದಲ್ಲಿ ಬಹಳ ದಿನಗಳಿಂದ ಒಂದು ಮಾತು ಚಾಲ್ತಿಯಲ್ಲಿದೆ. ನಾವು ತೆಗೆದುಕೊಳ್ಳುವುದು ಸಿಸ್ಟಮ್ ಮಾಹಿತಿಯಷ್ಟೇ; ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ಯಾವ ಪ್ಯಾಚ್ ಹಾಕಿದೆ ಎಂಬುದರಲ್ಲಿ ಯಾರ ಗುಟ್ಟೂ ಇಲ್ಲ; ಹಿನ್ನೆಲೆಯಲ್ಲಿ ಒಂದು ಕಮಾಂಡ್ ಓಡಿ ಫೈಲು ಸರ್ವರ್‌ಗೆ ಹೋದರೆ ಯಾರಿಗೂ ತೊಂದರೆಯಿಲ್ಲ, ಆದ್ದರಿಂದ ಹೇಳುವ ಅಗತ್ಯವೂ ಇಲ್ಲ ಎಂಬುದು ಆ ಮಾತು. ಅದೇ ಕಂಪ್ಯೂಟರಿನ ಮುಂದೆ ಕೂತವರನ್ನು ಕೇಳಿದರೆ ಇದಕ್ಕೆ ತದ್ವಿರುದ್ಧವಾದ ಉತ್ತರ ಬರುತ್ತದೆ: ನಮ್ಮ ಕಣ್ಣಿಗೆ ಬೀಳದಂತೆ ಓಡುತ್ತದೆ ಎಂದಮೇಲೆ ಅದು ಬೇಹುಗಾರಿಕೆಯಲ್ಲದೆ ಇನ್ನೇನು? ಮೇಲ್ನೋಟಕ್ಕೆ ಇವು ಎದುರುಬದುರು ನಿಂತ ಎರಡು ವಾದಗಳು. ಆದರೆ ಎರಡರ ಅಳತೆಗೋಲೂ ಒಂದೇ: ಪರದೆಯ ಮೇಲೆ ಏನಾದರೂ ಕಾಣಿಸಿತೇ, ಇಲ್ಲವೇ? ಕಾಣಿಸದಿದ್ದರೆ ಅದು ಒಬ್ಬರಿಗೆ ಸೌಜನ್ಯ, ಇನ್ನೊಬ್ಬರಿಗೆ ಕಳ್ಳತನ. ಈ ಅಳತೆಗೋಲೇ ತಪ್ಪು ಎಂಬುದು ನನ್ನ ವಾದ. ಪರದೆ ಸುಮ್ಮನಿರುವುದು ಬೇರೆ, ಸಂಸ್ಥೆ ಸುಮ್ಮನಿರುವುದು ಬೇರೆ. ಮೊದಲನೆಯದಕ್ಕೆ ಒಳ್ಳೆಯ ಕಾರಣಗಳಿವೆ. ಎರಡನೆಯದಕ್ಕೆ ಕೊಡುವ ಕಾರಣಗಳನ್ನು ಒಂದೊಂದಾಗಿ ಹಿಡಿದು ನೋಡಿದರೆ ಯಾವುದೂ ನಿಲ್ಲುವುದಿಲ್ಲ.

ಮೊದಲು ಐಟಿ ವಿಭಾಗದ ಪಕ್ಷವನ್ನು ಸರಿಯಾಗಿ ಮಂಡಿಸೋಣ. ಅವರೇ ಹೇಳಿಕೊಳ್ಳುವುದಕ್ಕಿಂತ ಅದು ಗಟ್ಟಿಯಾಗಿದೆ. ವಿಂಡೋಸ್ ಎಕ್ಸ್‌ಪಿಯ ಕಾಲದಿಂದಲೂ ‘ಸಿಸ್ಟಮ್‌ಇನ್ಫೋ’ ಎಂಬ ಕಮಾಂಡ್ ಇದೆ. ಕಮಾಂಡ್ ಪ್ರಾಂಪ್ಟ್ ತೆರೆದು ಅದನ್ನು ಟೈಪ್ ಮಾಡಿದರೆ ಸ್ವಲ್ಪ ಹೊತ್ತಿನಲ್ಲೇ ಯಂತ್ರದ ವಿವರ ಸಾಲುಸಾಲಾಗಿ ಬರುತ್ತದೆ. ಅದನ್ನು ಕೋಷ್ಟಕವಾಗಿ ಫೈಲಿಗೆ ಇಳಿಸಬಹುದು. ಅಧಿಕಾರವಿದ್ದರೆ ಇನ್ನೊಂದು ಕಂಪ್ಯೂಟರಿನ ಹೆಸರು ಕೊಟ್ಟು ದೂರದಿಂದಲೇ ತರಿಸಿಕೊಳ್ಳಬಹುದು. ‘ಎಂಎಸ್‌ಇನ್ಫೋ32’ಕ್ಕೆ ರಿಪೋರ್ಟ್ ಎಂಬ ಸೂಚನೆ ಸೇರಿಸಿ ಫೈಲಿನ ಹೆಸರು ಕೊಟ್ಟರೆ ಅದಕ್ಕಿಂತ ಎಷ್ಟೋ ಪಾಲು ಉದ್ದದ ವರದಿಯನ್ನು ಬರೆದಿಡುತ್ತದೆ. ‘ಡಿಎಕ್ಸ್‌ಡಯಾಗ್’ ಗ್ರಾಫಿಕ್ಸ್ ಮತ್ತು ಧ್ವನಿಯ ವಿವರ ಕೊಡುತ್ತದೆ. ಪವರ್‌ಶೆಲ್ ಬಂದ ಮೇಲೆ ಬೇಕಾದ ಅಂಶವನ್ನಷ್ಟೇ ಆರಿಸಿ ಕೇಳುವುದು ಸುಲಭವಾಯಿತು; ಅದೇ ಕೆಲಸ ಮಾಡುತ್ತಿದ್ದ ಹಳೆಯ ‘ಡಬ್ಲ್ಯುಎಂಐಸಿ’ಯನ್ನು ಮೈಕ್ರೋಸಾಫ್ಟ್ ಹೊಸ ವಿಂಡೋಸ್‌ಗಳಿಂದ ಕೈಬಿಡುತ್ತಿದೆ. ಲಿನಕ್ಸ್‌ನಲ್ಲಿ ಯುನೇಮ್, ಎಲ್‌ಎಸ್‌ಸಿಪಿಯು, ಡಿಎಂಐಡಿಕೋಡ್ ಇವೆ, ಮ್ಯಾಕ್‌ನಲ್ಲಿ ಸಿಸ್ಟಮ್ ಪ್ರೊಫೈಲರ್ ಇದೆ. ಇವೆಲ್ಲ ಕಳ್ಳರಿಗಾಗಿ ಮಾಡಿದ ಸಲಕರಣೆಗಳಲ್ಲ, ಆಪರೇಟಿಂಗ್ ಸಿಸ್ಟಮ್ ಮಾಡುವವರೇ ಆಡಳಿತಗಾರರ ಕೈಗೆ ಕೊಟ್ಟವು. ಸಾವಿರ ಕಂಪ್ಯೂಟರುಗಳಿರುವ ಸಂಸ್ಥೆಯಲ್ಲಿ ಪ್ರತಿ ಮೇಜಿಗೂ ಹೋಗಿ ‘ಒಂದು ನಿಮಿಷ ಏಳ್ತೀರಾ’ ಎಂದು ಕೇಳಲಾಗದು. ಕಪ್ಪು ಕಿಟಕಿಯೊಂದು ತಟ್ಟನೆ ಮುಂದೆ ಬಂದರೆ ಕೆಲವರು ವೈರಸ್ ಎಂದು ಗಾಬರಿಯಾಗಿ ಹೆಲ್ಪ್‌ಡೆಸ್ಕ್‌ಗೆ ಫೋನ್ ಮಾಡುತ್ತಾರೆ, ಕೆಲವರು ಮೂಲೆಯ ಗುರುತು ಒತ್ತಿ ಮುಚ್ಚಿಬಿಡುತ್ತಾರೆ. ಎಂಎಸ್‌ಇನ್ಫೋ32 ವರದಿ ಬರೆಯುವಾಗ ತೋರಿಸುವ ಪುಟ್ಟ ವಿಂಡೋವನ್ನೂ ಹೇಗಾದರೂ ಮರೆಮಾಡಬೇಕು ಎಂದು ಆಡಳಿತಗಾರರು ತಲೆಕೆಡಿಸಿಕೊಳ್ಳುವುದು ಇದೇ ಕಾರಣಕ್ಕೆ. ಅದರಲ್ಲಿ ಕ್ಯಾನ್ಸಲ್ ಬಟನ್ ಇದೆ, ಕಂಡ ಬಟನ್ ಒತ್ತುವ ಜನ ಎಲ್ಲ ಕಚೇರಿಯಲ್ಲೂ ಇದ್ದಾರೆ.

ಈ ಕೆಲಸದ ಬೆಲೆ ಗೊತ್ತಾಗುವುದು ಕೆಟ್ಟ ದಿನಗಳಲ್ಲಿ. 2017ರ ಮೇ 12ರಂದು ವಾನಾಕ್ರೈ ಎಂಬ ಸುಲಿಗೆ ವೈರಸ್ ಹರಡಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ನಡುವೆ ಸುಮಾರು ಎರಡು ತಿಂಗಳಿದ್ದವು. ಅಷ್ಟರಲ್ಲಿ, ಅದರ ಹೊಡೆತ ತಿಂದ ಇಂಗ್ಲೆಂಡಿನ ಆಸ್ಪತ್ರೆಗಳಾಗಲಿ ಮತ್ತೊಬ್ಬರಾಗಲಿ ಕೇಳಿಕೊಳ್ಳಬೇಕಾಗಿದ್ದುದು ಒಂದೇ ಪ್ರಶ್ನೆ: ನಮ್ಮ ಯಾವ ಯಾವ ಯಂತ್ರಕ್ಕೆ ಆ ಪ್ಯಾಚ್ ಬಿದ್ದಿಲ್ಲ? ಸಿಸ್ಟಮ್‌ಇನ್ಫೋ ವರದಿಯ ಕೊನೆಯ ಭಾಗದಲ್ಲಿ ಹಾಟ್‌ಫಿಕ್ಸ್‌ಗಳ (ಹಾಕಿರುವ ಪ್ಯಾಚುಗಳ) ಪಟ್ಟಿ ಇರುವುದು ಈ ಪ್ರಶ್ನೆಗೆ ಉತ್ತರ ಹುಡುಕಲೆಂದೇ. 2021ರ ಡಿಸೆಂಬರಿನಲ್ಲಿ ಬೇರೆ ಬೇರೆ ಪ್ರೋಗ್ರಾಮುಗಳೊಳಗೆ ಸೇರಿಕೊಂಡಿರುವ ಲಾಗ್4ಜೆ ಎಂಬ ತಂತ್ರಾಂಶದ ದೋಷ ಬಯಲಾದಾಗಲೂ ಸರಿಪಡಿಸುವುದಕ್ಕಿಂತ ಮೊದಲು ಅದು ಎಲ್ಲೆಲ್ಲಿ ಅಡಗಿದೆ ಎಂದು ಪತ್ತೆ ಮಾಡುವುದೇ ಬಹಳ ಕಡೆ ದೊಡ್ಡ ಕೆಲಸವಾಯಿತು. ತನ್ನಲ್ಲಿ ಏನಿದೆ ಎಂದು ತನಗೇ ಗೊತ್ತಿಲ್ಲದ ಸಂಸ್ಥೆ ತನ್ನ ಸಿಬ್ಬಂದಿಯ ಖಾಸಗಿತನವನ್ನೂ ಕಾಪಾಡಲಾರದು. ಆದ್ದರಿಂದ ಮಾಹಿತಿ ಸಂಗ್ರಹವೇ ಬೇಡ ಎನ್ನುವವರ ಜೊತೆ ನಾನಿಲ್ಲ.

ಇನ್ನು ಕಾಣದಂತೆ ಓಡುವುದರ ಬಗ್ಗೆ. ಟಾಸ್ಕ್ ಶೆಡ್ಯೂಲರ್ ಮೂಲಕ ಸಿಸ್ಟಮ್ ಖಾತೆಯಡಿ ಒಂದು ಸ್ಕ್ರಿಪ್ಟ್ ಓಡಿದರೆ ಬಳಕೆದಾರರ ಪರದೆಗೆ ಅದರ ವಿಂಡೋ ಬರುವುದೇ ಇಲ್ಲ. ವಿಂಡೋಸ್ ವಿಸ್ತಾದಿಂದೀಚೆಗೆ ಇಂಥ ಕೆಲಸಗಳು ಬೇರೆಯೇ ಸೆಷನ್‌ನಲ್ಲಿ ನಡೆಯುತ್ತವೆ. ಯಾರೂ ಬೇಕೆಂದು ಮುಚ್ಚಿಟ್ಟದ್ದಲ್ಲ, ರಚನೆಯೇ ಹಾಗಿದೆ. ನಮ್ಮ ಮನೆಯ ಕರೆಂಟ್ ಮೀಟರ್ ಓದಲು ಬರುವವರು ಬಾಗಿಲು ತಟ್ಟುವುದಿಲ್ಲ. ಗೋಡೆಯ ಮೇಲಿನ ಮೀಟರ್ ನೋಡಿ, ಕೈಯಲ್ಲಿನ ಯಂತ್ರದಿಂದ ಬಿಲ್ ಹರಿದು ಗೇಟಿಗೆ ಸಿಕ್ಕಿಸಿ ಹೋಗುತ್ತಾರೆ. ಅದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ಯಾಕೆ ಎನ್ನುವುದಿಲ್ಲ ಎಂಬುದನ್ನು ಮಾತ್ರ ಗಮನಿಸಬೇಕು. ಅವರು ಬರುತ್ತಾರೆಂದು ನಮಗೆ ಗೊತ್ತಿದೆ, ಓದುವುದು ಮೀಟರನ್ನಷ್ಟೇ ಎಂದು ಗೊತ್ತಿದೆ, ಅವರು ಬರೆದುಕೊಂಡ ಅಂಕಿಯೇ ಬಿಲ್ಲಿನಲ್ಲಿ ನಮ್ಮ ಕೈಗೂ ಬರುತ್ತದೆ. ಕರೆಗಂಟೆ ಒತ್ತಿದರೋ ಇಲ್ಲವೋ ಎಂಬುದು ಇದರಲ್ಲಿ ಎಲ್ಲಿಯೂ ಬರುವುದಿಲ್ಲ. ಬೇಹುಗಾರಿಕೆ ಎಂದು ಕೂಗುವವರು ಕರೆಗಂಟೆಯನ್ನೇ ಹಿಡಿದು ಕೂತಿದ್ದಾರೆ; ಹೇಳುವ ಅಗತ್ಯವಿಲ್ಲ ಎನ್ನುವವರು ಬಿಲ್ಲನ್ನೇ ಕೊಡದೆ ಹೋಗುತ್ತಿದ್ದಾರೆ.

ವಿಂಡೋ ಕಾಣಿಸಿದರೆ ಎಲ್ಲ ಸರಿಯಾಯಿತು ಎಂಬ ನಂಬಿಕೆಗೂ ಆಧಾರವಿಲ್ಲ. 1999ರ ಮಾರ್ಚ್‌ನಲ್ಲಿ ರಿಚರ್ಡ್ ಸ್ಮಿತ್ ಎಂಬ ಪ್ರೋಗ್ರಾಮರ್ ವಿಂಡೋಸ್ 98ರ ನೋಂದಣಿ ಪ್ರಕ್ರಿಯೆಯಲ್ಲಿ ಒಂದು ವಿಷಯ ಪತ್ತೆ ಹಚ್ಚಿದರು. ನಿಮ್ಮ ಯಂತ್ರಾಂಶದ ವಿವರ ಕಳಿಸಲೇ ಎಂದು ಅದು ನೀಟಾಗಿ ಕೇಳುತ್ತಿತ್ತು. ಬೇಡ ಎಂದು ಒತ್ತಿದವರ ಕಂಪ್ಯೂಟರಿನಿಂದಲೂ ಒಂದು ಗುರುತುಸಂಖ್ಯೆ ಮೈಕ್ರೋಸಾಫ್ಟ್‌ಗೆ ಹೋಗುತ್ತಿತ್ತು. ಕಂಪನಿ ಅದನ್ನು ದೋಷವೆಂದು ಒಪ್ಪಿ ಸರಿಪಡಿಸುವ ಭರವಸೆ ಕೊಟ್ಟಿತು. ಅಲ್ಲಿ ವಿಂಡೋ ಇತ್ತು, ಪ್ರಶ್ನೆ ಇತ್ತು, ಉತ್ತರವೂ ಇತ್ತು. ಆ ಉತ್ತರಕ್ಕೆ ಬೆಲೆ ಮಾತ್ರ ಇರಲಿಲ್ಲ. ಅದೂ ಅಲ್ಲದೆ, ದಿನಕ್ಕೆ ಹತ್ತು ಸಲ ‘ಒಪ್ಪಿಗೆಯೇ’ ಎಂದು ಕೇಳಿಸಿಕೊಂಡವರು ಓದದೆ ಒತ್ತುವುದನ್ನು ನಾವೆಲ್ಲ ಬಲ್ಲೆವು, ನಾವೂ ಹಾಗೇ ಮಾಡುತ್ತೇವೆ. ಪರದೆಯ ಮೇಲೆ ಏನು ಕಾಣಿಸಿತು ಎಂಬುದನ್ನು ಒಪ್ಪಿಗೆಯ ಸಾಕ್ಷಿ ಮಾಡಿಕೊಂಡರೆ ಹೀಗೆ ಎರಡೂ ಕಡೆ ಮೋಸಹೋಗುತ್ತೇವೆ.

ಇಷ್ಟು ಒಪ್ಪಿದ ಮೇಲೆ, ಐಟಿ ವಿಭಾಗದ ವಾದ ನಿಂತಿರುವ ನಿಜವಾದ ಆಧಾರಕ್ಕೆ ಬರಬಹುದು. ಪರದೆಯ ಮೌನದಿಂದ ಸಂಸ್ಥೆಯ ಮೌನಕ್ಕೆ ಅದು ದಾಟುವುದು ಒಂದು ಸೇತುವೆಯ ಮೇಲೆ: ಇದು ಯಂತ್ರದ ಮಾಹಿತಿ, ಮನುಷ್ಯರದಲ್ಲ. ಈ ಸೇತುವೆ ಎಷ್ಟು ಭದ್ರ ಎಂದು ನೋಡಲು ವರದಿಯನ್ನೇ ಓದುವುದು ಒಳ್ಳೆಯದು. ಸಿಸ್ಟಮ್‌ಇನ್ಫೋದ ಮೊದಲ ಸಾಲು ಹೋಸ್ಟ್ ನೇಮ್, ಅಂದರೆ ಕಂಪ್ಯೂಟರಿನ ಹೆಸರು. ಬಹಳ ಕಡೆ ಅದರಲ್ಲಿ ಬಳಸುವವರ ಹೆಸರೋ ಸಿಬ್ಬಂದಿ ಸಂಖ್ಯೆಯೋ ಸೇರಿರುತ್ತದೆ. ಸ್ವಲ್ಪ ಕೆಳಗೆ ನೋಂದಾಯಿತ ಮಾಲೀಕ, ನೋಂದಾಯಿತ ಸಂಸ್ಥೆ. ಆಮೇಲೆ ವಿಂಡೋಸ್ ಹಾಕಿದ ದಿನಾಂಕ ಮತ್ತು ಗಂಟೆ, ಕಡೆಯ ಸಲ ಬೂಟ್ ಆದ ದಿನಾಂಕ ಮತ್ತು ಗಂಟೆ. ಕಂಪ್ಯೂಟರಿನ ತಯಾರಕರು, ಮಾದರಿ, ಪ್ರೊಸೆಸರ್, ಬಯೋಸ್ ಆವೃತ್ತಿ: ಇವು ನಿಜಕ್ಕೂ ಯಂತ್ರದವು. ಮುಂದೆ ಕೀಲಿಮಣೆಯ ಭಾಷೆ ಮತ್ತು ಟೈಮ್ ಝೋನ್. ಬಳಸುವವರು ಯಾವ ಭಾಷೆಯಲ್ಲಿ ಬರೆಯುತ್ತಾರೆ, ಯಾವ ಭಾಗದಲ್ಲಿದ್ದಾರೆ ಎಂಬುದನ್ನು ಇವು ಹೇಳಿಬಿಡುತ್ತವೆ. ಕಡೆಗೆ ಡೊಮೇನ್, ಲಾಗಾನ್ ಸರ್ವರ್, ಹಾಟ್‌ಫಿಕ್ಸ್‌ಗಳು, ನೆಟ್‌ವರ್ಕ್ ಕಾರ್ಡ್, ಐಪಿ ವಿಳಾಸ. ಒಂದು ಪುಟದೊಳಗೆ ಯಂತ್ರದ ಸಾಲುಗಳೂ ಮನುಷ್ಯರ ಸಾಲುಗಳೂ ಬೇಲಿಯಿಲ್ಲದೆ ಬೆರೆತಿವೆ. ಎಂಎಸ್‌ಇನ್ಫೋ32ರ ವರದಿಯಂತೂ ಇನ್ನೂ ಮುಂದೆ ಹೋಗುತ್ತದೆ. ಅದರ ಸಾಫ್ಟ್‌ವೇರ್ ವಿಭಾಗದಲ್ಲಿ ಆ ಕ್ಷಣಕ್ಕೆ ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ಇದೆ, ನೆಟ್‌ವರ್ಕ್ ಸಂಪರ್ಕಗಳಿವೆ, ಬಳಕೆದಾರರ ಹೆಸರು ಅಂಟಿಕೊಂಡ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಿವೆ, ಜೊತೆಗೆ ಪ್ರಿಂಟ್ ಜಾಬ್ ಎಂಬ ಶೀರ್ಷಿಕೆಯೂ ಇದೆ. ಮುದ್ರಣಕ್ಕೆ ಸರದಿಯಲ್ಲಿರುವ ಕಡತದ ಹೆಸರು, ಕಳಿಸಿದವರ ಹೆಸರು ಅದರಡಿ ಬರುತ್ತವೆ. ಒಬ್ಬರು ರಾಜೀನಾಮೆ ಪತ್ರವನ್ನೋ ವೈದ್ಯಕೀಯ ವರದಿಯನ್ನೋ ಪ್ರಿಂಟಿಗೆ ಕೊಟ್ಟ ಗಳಿಗೆಯಲ್ಲೇ ಸ್ಕ್ರಿಪ್ಟ್ ಓಡಿದರೆ ಆ ಫೈಲಿನ ಹೆಸರೂ ‘ಸಿಸ್ಟಮ್ ಮಾಹಿತಿ’ಯಾಗಿ ಸರ್ವರ್ ಸೇರುತ್ತದೆ.

ಇದು ನನ್ನೊಬ್ಬನ ಅತಿಸೂಕ್ಷ್ಮತೆಯಲ್ಲ. ಆಪಲ್ ಕಂಪನಿಯ ಸಿಸ್ಟಮ್ ಪ್ರೊಫೈಲರ್ ಕಮಾಂಡ್‌ಗೆ ಎಷ್ಟು ವಿವರ ಬೇಕೆಂದು ಸೂಚಿಸಲು ಮೂರು ಹಂತಗಳಿವೆ: ಮಿನಿ, ಬೇಸಿಕ್, ಫುಲ್. ಮಿನಿ ಎಂದರೇನು ಎಂಬುದಕ್ಕೆ ಅದರ ಕೈಪಿಡಿ ಕೊಡುವ ವಿವರಣೆ, ವೈಯಕ್ತಿಕ ಮಾಹಿತಿ ಇಲ್ಲದ ವರದಿ ಎಂದು. ಸಿಸ್ಟಮ್ ವರದಿಯಲ್ಲಿ ವೈಯಕ್ತಿಕ ಮಾಹಿತಿ ಇರುವುದೇ ಇಲ್ಲ ಎಂದಾಗಿದ್ದರೆ ಅದನ್ನು ತೆಗೆದುಹಾಕುವ ಹಂತವೊಂದನ್ನು ಇಡುವ ಅಗತ್ಯ ಬೀಳುತ್ತಿರಲಿಲ್ಲ. ಸಲಕರಣೆ ಮಾಡಿದವರಿಗೆ ಗೊತ್ತಿರುವ ಸಂಗತಿ ಬಳಸುವವರ ಬಾಯಲ್ಲಿ ಮರೆತುಹೋಗಿದೆ, ಅಷ್ಟೇ.

ಯಂತ್ರದವೇ ಆದ ಸಾಲುಗಳು ಕೂಡ ಒಟ್ಟಿಗೆ ಸೇರಿದಾಗ ಹಾಗೆಯೇ ಉಳಿಯುವುದಿಲ್ಲ. 2010ರಲ್ಲಿ ಡಿಜಿಟಲ್ ಹಕ್ಕುಗಳ ಸಂಘಟನೆಯಾದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನ ಪೀಟರ್ ಎಕರ್ಸ್ಲಿ ಬ್ರೌಸರುಗಳು ತಾವಾಗಿ ಹೇಳಿಕೊಳ್ಳುವ ಸಣ್ಣಪುಟ್ಟ ವಿವರಗಳನ್ನು ಒಟ್ಟುಗೂಡಿಸಿ ನೋಡಿದರು: ಆವೃತ್ತಿ, ಫಾಂಟುಗಳ ಪಟ್ಟಿ, ಪರದೆಯ ಅಳತೆ, ಟೈಮ್ ಝೋನ್ ಇತ್ಯಾದಿ. ಪರೀಕ್ಷೆಗೆ ಬಂದ ಸುಮಾರು 4.7 ಲಕ್ಷ ಬ್ರೌಸರುಗಳಲ್ಲಿ ಶೇ. 83.6ರಷ್ಟಕ್ಕೆ ಅವುಗಳದೇ ಗುರುತು ಇತ್ತು, ಇನ್ನೊಂದಕ್ಕೆ ಹೋಲಿಕೆಯೇ ಇರಲಿಲ್ಲ. ಒಂದೊಂದು ವಿವರವೂ ನಿರುಪದ್ರವಿ, ಎಲ್ಲ ಸೇರಿ ಬೆರಳಚ್ಚು. ಕಮಾಂಡ್ ಲೈನ್‌ನಿಂದ ಸಿಗುವ ವಿವರ ಬ್ರೌಸರ್ ಕೊಡುವುದಕ್ಕಿಂತ ಎಷ್ಟೋ ಹೆಚ್ಚು, ಅದರಲ್ಲಿ ತಯಾರಕರ ಸೀರಿಯಲ್ ನಂಬರ್ ಕೂಡ ಸೇರಬಹುದು. ಇಂಥ ಸಂಖ್ಯೆಗಳ ಬಗ್ಗೆ ಜನರಿಗೆ ಹಿಂದೊಮ್ಮೆ ಚೆನ್ನಾಗಿಯೇ ಅರ್ಥವಾಗಿತ್ತು. 1999ರಲ್ಲಿ ಇಂಟೆಲ್ ತನ್ನ ಪೆಂಟಿಯಂ 3 ಚಿಪ್ಪಿನೊಳಗೆ ಸಾಫ್ಟ್‌ವೇರ್ ಓದಬಲ್ಲ ಸೀರಿಯಲ್ ನಂಬರ್ ಇಟ್ಟಿತು. ಅದು ಬರೇ ಚಿಪ್ಪಿನ ಸಂಖ್ಯೆ, ಯಾರ ಹೆಸರೂ ಅಲ್ಲ. ಆದರೂ ಖಾಸಗಿತನದ ಪರ ಸಂಘಟನೆಗಳು ಬಹಿಷ್ಕಾರಕ್ಕೆ ಕರೆ ಕೊಟ್ಟವು, ಇಂಟೆಲ್ ಹಿಂದೆ ಸರಿದು ಮುಂದಿನ ಪೀಳಿಗೆಯ ಚಿಪ್ಪುಗಳಲ್ಲಿ ಅದನ್ನು ಬಿಟ್ಟೇಬಿಟ್ಟಿತು. ಅದೇ ವರ್ಷ ಆಫೀಸ್ 97ರಲ್ಲಿ ತಯಾರಾದ ಕಡತಗಳೊಳಗೆ ಅವುಗಳನ್ನು ಬರೆದ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನ ವಿಳಾಸ ಅಡಗಿರುವುದೂ ಬಯಲಾಯಿತು. ಕಾರ್ಡಿನ ವಿಳಾಸ ಯಂತ್ರದ್ದು, ನಿಜ. ಅದು ಕಡತಕ್ಕೆ ಅಂಟಿದೊಡನೆ ಆ ಕಡತ ಬರೆದವರದ್ದೂ ಆಯಿತು.

ಕಾಲವೂ ಇದೇ ಕೆಲಸ ಮಾಡುತ್ತದೆ, ಇನ್ನೂ ಸದ್ದಿಲ್ಲದೆ. ಕಡೆಯ ಬೂಟ್ ಸಮಯವನ್ನು ಒಂದು ಸಲ ತೆಗೆದುಕೊಂಡರೆ ಅದು ಯಂತ್ರದ ಸ್ಥಿತಿ. ಅಪ್‌ಡೇಟ್ ಆದಮೇಲೆ ರೀಸ್ಟಾರ್ಟ್ ಮಾಡಿದ್ದಾರೋ ಇಲ್ಲವೋ ತಿಳಿಯಲು ಬೇಕಾದದ್ದು. ಅದನ್ನೇ ದಿನವೂ ತೆಗೆದುಕೊಂಡು ಸಾಲಾಗಿ ಜೋಡಿಸಿದರೆ ಯಾರು ಎಷ್ಟು ಹೊತ್ತಿಗೆ ಕೆಲಸಕ್ಕೆ ಕೂತರು ಎಂಬ ಹಾಜರಿ ಪುಸ್ತಕ. ಅದೂ ತಪ್ಪು ಹಾಜರಿ ಪುಸ್ತಕ. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ಕರ್ನಲ್ ಪೂರ್ತಿ ನಿಲ್ಲುವುದಿಲ್ಲ, ಅದರ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮರುದಿನ ಅಲ್ಲಿಂದಲೇ ಮುಂದುವರಿಸಲಾಗುತ್ತದೆ. ಹಾಗಾಗಿ ಬೆಳಿಗ್ಗೆ ಒಂಬತ್ತಕ್ಕೆ ಬಂದು ಆನ್ ಮಾಡಿದವರ ಯಂತ್ರವೂ ಬೂಟ್ ಆಗಿದ್ದು ಹೋದ ವಾರ ಎಂದು ತೋರಿಸಬಹುದು. ಈ ಒಳಗುಟ್ಟು ಐಟಿ ವಿಭಾಗಕ್ಕೆ ಗೊತ್ತು. ಆ ಫೈಲನ್ನು ಮುಂದೊಂದು ದಿನ ಕೇಳಿ ಪಡೆಯುವ ಮ್ಯಾನೇಜರಿಗೆ ಗೊತ್ತಿರಬೇಕೆಂದಿಲ್ಲ. ಯಾರ ಬಗ್ಗೆ ತೀರ್ಮಾನವಾಗುತ್ತಿದೆಯೋ ಅವರಿಗೆ ಇಂಥ ಫೈಲೊಂದು ಇದೆ ಎಂಬುದೇ ಗೊತ್ತಿರುವುದಿಲ್ಲ, ಹಾಗಿದ್ದಮೇಲೆ ತಪ್ಪನ್ನು ತೋರಿಸಿಕೊಡುವುದೆಲ್ಲಿ ಬಂತು? ಸಂಸ್ಥೆಯ ಮೌನ ಹಾನಿ ಮಾಡುವುದು ಇಲ್ಲಿ. ನೋಡಿದ್ದು ತಪ್ಪಾಗಿದ್ದರೆ ತಿದ್ದಬಲ್ಲ ಒಬ್ಬರೇ ಒಬ್ಬ ವ್ಯಕ್ತಿಯನ್ನು ಅದು ಹೊರಗಿಡುತ್ತದೆ.

ಈಗ ಆಕ್ಷೇಪಗಳು. ಬಹಳ ಜನ ಮೊದಲು ಎತ್ತುವುದು ಒಡೆತನದ ಮಾತನ್ನು: ಯಂತ್ರ ಕಂಪನಿಯದು, ಅದರೊಳಗೆ ಏನಿದೆ ಎಂದು ನೋಡಲು ಯಾರನ್ನು ಕೇಳಬೇಕು? ಇದರಲ್ಲಿ ಅರ್ಧ ನಿಜವಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಕಲಮು ಕೂಡ ಮಾಲೀಕರ ಅಥವಾ ಯಂತ್ರದ ಉಸ್ತುವಾರಿ ಹೊತ್ತವರ ಅನುಮತಿಯಿಲ್ಲದೆ ಮಾಹಿತಿ ತೆಗೆಯುವುದನ್ನು ತಪ್ಪೆನ್ನುತ್ತದೆ. ಕಂಪನಿಯೇ ಮಾಲೀಕನಾದಾಗ ಆ ಕಲಮಿನಡಿ ತಕರಾರಿಗೆ ಎಡೆ ಕಡಿಮೆ. ಆದರೆ ಯಂತ್ರದ ಒಡೆತನದಿಂದ ಅದರ ಮುಂದೆ ಕೂತವರ ಬಗೆಗಿನ ಸಂಗತಿಗಳ ಒಡೆತನ ಹುಟ್ಟುವುದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು; ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಬೆನ್ನಿಗೇ ನಡೆದ ಚರ್ಚೆಯಿಂದ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಯಾವ ದತ್ತಾಂಶದಿಂದ ಒಬ್ಬ ವ್ಯಕ್ತಿಯನ್ನು ಗುರುತಿಸಬಹುದೋ ಅದೆಲ್ಲ ವೈಯಕ್ತಿಕ ಎನ್ನುತ್ತದೆ. ಅದು ಯಂತ್ರದಿಂದ ಬಂತೋ ಮನುಷ್ಯರ ಬಾಯಿಂದ ಬಂತೋ ಎಂದು ಆ ವ್ಯಾಖ್ಯೆ ಕೇಳುವುದಿಲ್ಲ. ಇದಕ್ಕೆ ಬುದ್ಧಿವಂತರು ಕೊಡುವ ಮರುತ್ತರವೂ ಇದೆ: ಅದೇ ಕಾಯ್ದೆಯ 7ನೇ ಕಲಮು ಉದ್ಯೋಗದ ಉದ್ದೇಶಕ್ಕೆ, ನಷ್ಟದಿಂದ ಸಂಸ್ಥೆಯನ್ನು ಕಾಪಾಡುವುದಕ್ಕೆ ಸಮ್ಮತಿಯಿಲ್ಲದೆಯೂ ದತ್ತಾಂಶ ಬಳಸಲು ಬಿಡುತ್ತದಲ್ಲ? ಬಿಡುತ್ತದೆ. ಪ್ರತಿಯೊಬ್ಬರ ಸಹಿ ಪಡೆಯಬೇಕೆಂದು ನಾನೂ ಹೇಳುತ್ತಿಲ್ಲ. ಪ್ಯಾಚ್ ಪರಿಶೀಲನೆಗೆ ಬೇಡ ಎನ್ನುವ ಹಕ್ಕು ಕೊಟ್ಟರೆ ವಾನಾಕ್ರೈ ಆ ಒಂದು ಯಂತ್ರದಿಂದಲೇ ಒಳಗೆ ಬರುತ್ತದೆ. ಆದರೆ ಸಮ್ಮತಿ ಬೇಕಿಲ್ಲ ಎಂಬುದರಿಂದ ಮುಚ್ಚಿಡಬಹುದು ಎಂಬುದು ಸಿದ್ಧವಾಗುವುದಿಲ್ಲ. ಸಂಬಳದಲ್ಲಿ ಆದಾಯ ತೆರಿಗೆ ಕಡಿತಕ್ಕೂ ಯಾರ ಸಮ್ಮತಿ ಕೇಳುವುದಿಲ್ಲ. ಸಂಬಳದ ಚೀಟಿಯಲ್ಲಿ ಮಾತ್ರ ಅದನ್ನು ಬರೆದೇ ಕೊಡುತ್ತಾರೆ.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಮೊದಲೇ ಹೇಳಿಬಿಟ್ಟರೆ ತಪ್ಪು ಮಾಡುವವರು ಎಚ್ಚೆತ್ತುಕೊಳ್ಳುವುದಿಲ್ಲವೇ? ಕದ್ದ ಸಾಫ್ಟ್‌ವೇರ್ ಹಾಕಿಕೊಂಡವರು, ಡೇಟಾ ಹೊರಗೆ ಸಾಗಿಸುವವರು ಅಂದು ಮಾತ್ರ ಅಚ್ಚುಕಟ್ಟಾಗಿರುತ್ತಾರಲ್ಲ? ಇಲ್ಲಿ ಎರಡು ಕೆಲಸಗಳು ಕಲಸಿಹೋಗಿವೆ. ಒಂದು ದಿನನಿತ್ಯದ ದಾಸ್ತಾನು, ಇನ್ನೊಂದು ನಿರ್ದಿಷ್ಟ ಅನುಮಾನದ ಮೇಲೆ ನಡೆಯುವ ತನಿಖೆ. ತನಿಖೆಯನ್ನು ಯಾರೂ ಡಂಗುರ ಸಾರಿ ಮಾಡುವುದಿಲ್ಲ, ಸರಿ. ಅದಕ್ಕೆ ಬೇರೆ ಅನುಮತಿ, ಬೇರೆ ಹೊಣೆಗಾರರು ಇರಬೇಕು. ದಾಸ್ತಾನಿನ ವಿಷಯದಲ್ಲಿ ಹೇಳಬೇಕಾದದ್ದು ಅದು ನಡೆಯುತ್ತದೆ ಎಂಬುದನ್ನು, ಯಾವ ಗಳಿಗೆಯಲ್ಲಿ ಎಂಬುದನ್ನಲ್ಲ. ದಾಸ್ತಾನಿನ ಹೆಸರಿನಲ್ಲಿ ಎಲ್ಲರ ಮೇಲೂ ನಿತ್ಯ ತನಿಖೆ ನಡೆಸುವ ಆಸೆ ಇದ್ದವರಿಗೆ ಮಾತ್ರ ಈ ವ್ಯತ್ಯಾಸ ಅಡ್ಡಿಯಾಗುತ್ತದೆ.

ಇದಕ್ಕೆ ಸುರಕ್ಷತೆಯ ಇನ್ನೊಂದು ಮುಖವಿದೆ, ಅದು ಮುಚ್ಚಿಡುವವರಿಗೇ ತಿರುಗೇಟು. ದಾಳಿಕೋರರ ವಿಧಾನಗಳನ್ನು ಪಟ್ಟಿ ಮಾಡುವ ಮೈಟರ್ ಸಂಸ್ಥೆಯ ಕೋಶದಲ್ಲಿ ಸಿಸ್ಟಮ್ ಮಾಹಿತಿ ಶೋಧನೆ ಎಂಬುದು ಟಿ1082 ಸಂಖ್ಯೆಯ ತಂತ್ರ. ಒಳಗೆ ನುಸುಳಿದವರು ಮೊದಲು ಮಾಡುವ ಕೆಲಸಗಳಲ್ಲಿ ಇದೂ ಒಂದು, ಬಳಸುವುದೂ ಇದೇ ಸಿಸ್ಟಮ್‌ಇನ್ಫೋ, ಇದೇ ಯುನೇಮ್. ಹಾಗೆಂದು ಆ ಕಮಾಂಡುಗಳನ್ನು ನಿಷೇಧಿಸಿದರೆ ಪ್ರಯೋಜನವಿಲ್ಲ. ಸಾಮಾನ್ಯ ಬಳಕೆದಾರರ ಖಾತೆಯಿಂದಲೇ ಅವು ಓಡುತ್ತವೆ, ಇಲ್ಲದಿದ್ದರೆ ಅದೇ ವಿವರ ರಿಜಿಸ್ಟ್ರಿಯಲ್ಲಿ ಸಿಗುತ್ತದೆ. ಯಾರು, ಯಾವಾಗ, ಎಲ್ಲಿಂದ ಓಡಿಸಿದರು ಎಂಬುದೊಂದೇ ಆಡಳಿತಗಾರರನ್ನೂ ದಾಳಿಕೋರರನ್ನೂ ಬೇರ್ಪಡಿಸುವ ಗೆರೆ. ಐಟಿ ವಿಭಾಗವೇ ತನ್ನ ಸ್ಕ್ರಿಪ್ಟನ್ನು ಬೇರೆ ಹೆಸರಿನಲ್ಲಿ ಅಡಗಿಸಿ, ಲಾಗ್ ಬೀಳದಂತೆ ಮಾಡಿ ಓಡಿಸಿದರೆ ಆ ಗೆರೆ ಅಳಿಸಿಹೋಗುತ್ತದೆ. ಇದರ ಹಳೆಯ ಪಾಠ 2005ರದ್ದು. ಸೋನಿ ಬಿಎಂಜಿ ಕಂಪನಿ ತನ್ನ ಕೆಲವು ಹಾಡಿನ ಸಿಡಿಗಳಲ್ಲಿ ನಕಲು ತಡೆಯುವ ಸಾಫ್ಟ್‌ವೇರ್ ಹಾಕಿತ್ತು. ಡಾಲರ್ ಚಿಹ್ನೆಗಳ ನಡುವೆ ‘ಸಿಸ್’ ಎಂದು ಹೆಸರು ಶುರುವಾಗುವ ಯಾವ ಫೈಲೂ ಕಾಣದಂತೆ ಅದು ವಿಂಡೋಸನ್ನು ತಿರುಚುತ್ತಿತ್ತು. ವಿಂಡೋಸ್ ತಜ್ಞ ಮಾರ್ಕ್ ರುಸಿನೊವಿಚ್ ಅಕ್ಟೋಬರ್ ಕೊನೆಯಲ್ಲಿ ಇದನ್ನು ಬಯಲಿಗೆಳೆದರು. ನವೆಂಬರಿನಲ್ಲೇ ಅದೇ ಹೆಸರಿಟ್ಟುಕೊಂಡು ಅದೇ ಮರೆಯಲ್ಲಿ ಅಡಗುವ ವೈರಸ್‌ಗಳು ಬಂದವು. ಒಬ್ಬರು ಕಟ್ಟಿದ ಮರೆ ಅವರಿಗೊಬ್ಬರಿಗೇ ಆಗಿ ಉಳಿಯಲಿಲ್ಲ. ಆದ್ದರಿಂದ ಬಳಕೆದಾರರ ಪರದೆಯ ಮೇಲೆ ಸುಮ್ಮನಿರುವ ಸ್ಕ್ರಿಪ್ಟ್ ಲಾಗ್‌ನಲ್ಲಿ ಗಟ್ಟಿಯಾಗಿ ಮಾತಾಡಬೇಕು. ವಿಂಡೋಸ್‌ನಲ್ಲಿ ಅದಕ್ಕೆ ಬೇಕಾದ ಏರ್ಪಾಡಿದೆ: ಚಾಲೂ ಮಾಡಿಟ್ಟರೆ ಹೊಸ ಪ್ರೋಗ್ರಾಮ್ ಶುರುವಾದದ್ದು 4688 ಸಂಖ್ಯೆಯಲ್ಲಿ, ಪವರ್‌ಶೆಲ್ ಸ್ಕ್ರಿಪ್ಟಿನ ಒಡಲು 4104 ಸಂಖ್ಯೆಯಲ್ಲಿ ದಾಖಲಾಗುತ್ತದೆ.

ದೊಡ್ಡ ಕಂಪನಿಗಳೇ ಟೆಲಿಮೆಟ್ರಿ ಹೆಸರಿನಲ್ಲಿ ಎಲ್ಲವನ್ನೂ ಹೊತ್ತೊಯ್ಯುವಾಗ ನಮ್ಮದೇನು ಮಹಾ ಎಂಬ ಮೂರನೆಯ ಮಾತಿಗೆ ಹೆಚ್ಚು ಸಮಯ ಬೇಕಿಲ್ಲ. ಇನ್ನೊಬ್ಬರು ಮಾಡುತ್ತಾರೆಂಬುದು ಸಮರ್ಥನೆಯಲ್ಲ, ಜೊತೆಗೆ ಅವರೂ ಸುಮ್ಮನೆ ದಕ್ಕಿಸಿಕೊಂಡಿಲ್ಲ. ವಿಂಡೋಸ್ 10 ಅಗತ್ಯಕ್ಕಿಂತ ಹೆಚ್ಚು ಸಂಗ್ರಹಿಸುತ್ತದೆ ಎಂದು ಫ್ರಾನ್ಸಿನ ದತ್ತಾಂಶ ಪ್ರಾಧಿಕಾರ 2016ರಲ್ಲಿ ಮೈಕ್ರೋಸಾಫ್ಟ್‌ಗೆ ನೋಟಿಸ್ ಕೊಟ್ಟಿತು; ಕಂಪನಿ ಸಂಗ್ರಹ ಕಡಿಮೆ ಮಾಡಿದ ಮೇಲೆ 2017ರಲ್ಲಿ ಪ್ರಕರಣ ಮುಗಿಯಿತು. ಮರುವರ್ಷ, ತಮ್ಮ ಯಂತ್ರದಿಂದ ಏನು ಹೋಗುತ್ತಿದೆ ಎಂದು ಬಳಕೆದಾರರೇ ನೋಡುವ ಸಾಧನವೂ ಬಂತು. ಡೆಬಿಯನ್ ಲಿನಕ್ಸ್ ಇದಕ್ಕೂ ಬಹಳ ಮೊದಲೇ ಸರಿಯಾದ ದಾರಿ ಹಿಡಿದಿತ್ತು. ಯಾವ ಪ್ಯಾಕೇಜುಗಳು ಬಳಕೆಯಲ್ಲಿವೆ ಎಂದು ಎಣಿಸುವ ಅದರ ವ್ಯವಸ್ಥೆ ಇನ್‌ಸ್ಟಾಲ್ ಮಾಡುವಾಗ ಒಮ್ಮೆ ಕೇಳುತ್ತದೆ, ಮೊದಲೇ ಗುರುತಾಗಿರುವ ಉತ್ತರ ಬೇಡ ಎಂಬುದು. ಹೂಂ ಎಂದವರ ಯಂತ್ರದಲ್ಲಿ ಅದು ಆಮೇಲೆ ಸದ್ದಿಲ್ಲದೆ ಓಡುತ್ತದೆ, ಒಟ್ಟು ಲೆಕ್ಕ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತದೆ. ಪರದೆಯ ಮೌನಕ್ಕೂ ಸಂಸ್ಥೆಯ ಪ್ರಾಮಾಣಿಕತೆಗೂ ಜಗಳವಿಲ್ಲ ಎಂಬುದಕ್ಕೆ ಇದಕ್ಕಿಂತ ನೇರ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗಾದರೆ ಸಂಸ್ಥೆಯೊಂದು ಸದ್ದಿಲ್ಲದೆ ಸಿಸ್ಟಮ್ ಮಾಹಿತಿ ತೆಗೆದುಕೊಳ್ಳಲು ಏನು ಪೂರೈಸಿರಬೇಕು? ನನ್ನ ಲೆಕ್ಕದಲ್ಲಿ ಮೂರು.

1. ಇಂಥ ಸಂಗ್ರಹ ನಡೆಯುತ್ತದೆ, ಇಂಥ ಕಾರಣಕ್ಕೆ, ಇಂಥವರು ನೋಡುತ್ತಾರೆ ಎಂದು ಮೊದಲೇ ಬರೆದು ತಿಳಿಸಿರಬೇಕು. ಕೆಲಸಕ್ಕೆ ಸೇರುವಾಗ ಸಹಿ ಹಾಕಿಸುವ ನಲವತ್ತು ಪುಟದ ದಾಖಲೆಯ ಮೂವತ್ತೇಳನೇ ಪುಟದಲ್ಲಿ ಅಡಗಿಸುವುದು ತಿಳಿಸಿದಂತಲ್ಲ. ಅರ್ಧ ಪುಟ, ಓದಿದರೆ ಅರ್ಥವಾಗುವ ಭಾಷೆಯಲ್ಲಿ ಸಾಕು.

2. ಕೇಳಿದ ಪ್ರಶ್ನೆಗೆ ಬೇಕಾದ ಸಾಲುಗಳನ್ನಷ್ಟೇ ತೆಗೆದುಕೊಳ್ಳಬೇಕು. ಪ್ಯಾಚ್ ಪಟ್ಟಿ ಬೇಕಿದ್ದರೆ ಅದನ್ನು ಮಾತ್ರ ಕೇಳುವ ಕಮಾಂಡ್ ಪವರ್‌ಶೆಲ್‌ನಲ್ಲಿದೆ. ಅದಿದ್ದೂ ಎಂಎಸ್‌ಇನ್ಫೋ32ರ ಇಡೀ ವರದಿಯನ್ನು ತರಿಸಿಕೊಳ್ಳುವುದು ಸೋಮಾರಿತನ, ಸೋಮಾರಿತನಕ್ಕೆ ಭದ್ರತೆಯ ಹೆಸರು ಕೊಡಬಾರದು. ಕೆಲಸ ಮುಗಿದ ಮೇಲೆ ಹಳೆಯ ಫೈಲುಗಳನ್ನು ಅಳಿಸಬೇಕು ಎಂಬುದೂ ಇದರೊಳಗೇ ಬರುತ್ತದೆ.

3. ತನ್ನ ಕಂಪ್ಯೂಟರಿನಿಂದ ಹೋದ ವರದಿಯ ಪ್ರತಿಯನ್ನು ಅದನ್ನು ಬಳಸುವವರು ಕೇಳಿದರೆ ಕೊಡಬೇಕು.

ಮೂರರಲ್ಲಿ ಕಡೆಯದೇ ಮುಖ್ಯ ಎಂದು ನನಗನಿಸುತ್ತದೆ, ಏಕೆಂದರೆ ಅದು ಉಳಿದೆರಡನ್ನೂ ಕಾಯುತ್ತದೆ. ಪ್ರತಿ ಕೊಡಬೇಕಾಗುತ್ತದೆ ಎಂದು ಗೊತ್ತಿದ್ದರೆ ಯಾರೂ ಪ್ರಿಂಟ್ ಜಾಬ್‌ಗಳ ಪಟ್ಟಿಯನ್ನು ತರಿಸಿಕೊಳ್ಳಲು ಹೋಗುವುದಿಲ್ಲ. ತಿಳುವಳಿಕೆ ಪತ್ರ ಬರೀ ಕಾಗದವಾಗಿಬಿಡುತ್ತದೆ ಎಂಬ ಸಿನಿಕರ ಮಾತು ನಿಜವೇ ಇರಬಹುದು. ಫೈಲು ಕೈಗೆ ಸಿಕ್ಕಾಗ ಮಾತ್ರ ಹಾಗೆ ಹೇಳಿ ತಪ್ಪಿಸಿಕೊಳ್ಳಲಾಗದು. ಐಟಿ ವಿಭಾಗಕ್ಕೆ ಇದರಿಂದ ಬೀಳುವ ಹೊರೆಯೂ ದೊಡ್ಡದಲ್ಲ: ವರದಿ ಹೇಗಿದ್ದರೂ ಫೈಲಾಗಿಯೇ ಇದೆ.

ಇದನ್ನು ಓದುತ್ತಿರುವ ನೀವು ಕಚೇರಿಯ ಕಂಪ್ಯೂಟರ್ ಬಳಸುವವರಾದರೆ ಪರದೆಯ ಮೇಲೆ ಏನೋ ಮಿಂಚಿ ಮಾಯವಾಯಿತೆಂದು ಹುಯಿಲೆಬ್ಬಿಸಬೇಡಿ. ನಿಮ್ಮ ಕಚೇರಿಯ ನಿಯಮ ಬಿಟ್ಟರೆ ಕಮಾಂಡ್ ಪ್ರಾಂಪ್ಟಿನಲ್ಲಿ ಸಿಸ್ಟಮ್‌ಇನ್ಫೋ ಎಂದು ಟೈಪ್ ಮಾಡಿ, ಬಂದದ್ದನ್ನು ನಿಧಾನವಾಗಿ ಓದಿ, ಯಾವ ಸಾಲು ಯಂತ್ರದ್ದು, ಯಾವುದು ನಿಮ್ಮದು ಎಂದು ನೀವೇ ಗುರುತು ಹಾಕಿ. ಆಮೇಲೆ ಐಟಿ ವಿಭಾಗಕ್ಕೆ ಎರಡು ಸಾಲಿನ ಪತ್ರ ಬರೆದು ನಿಮ್ಮ ಯಂತ್ರದಿಂದ ಅವರು ತೆಗೆದುಕೊಂಡ ಕಡೆಯ ವರದಿಯ ಪ್ರತಿ ಕೇಳಿ. ಕೊಟ್ಟರೆ ಆ ಸ್ಕ್ರಿಪ್ಟ್ ಎಷ್ಟು ಮೌನವಾಗಿ ಓಡಿದರೂ ಚಿಂತೆಯಿಲ್ಲ. ಕೊಡಲು ಹಿಂಜರಿದರೆ ನಿಮ್ಮ ತಕರಾರು ಶುರುವಾಗಬೇಕಾದದ್ದು ಅಲ್ಲಿಂದ.